ಸ್ಟಾಕ್‌ಹೋಮಿನ ಚಳಿಯ ಲೆಕ್ಕ

ಸ್ವೀಡನ್ನಿನಲ್ಲಿ ಬೇಸಿಗೆ ಬಂತೋ ಇಲ್ಲವೋ ಎಂದು ಹೇಳುವುದು ಕ್ಯಾಲೆಂಡರ್ ಅಲ್ಲ, ಥರ್ಮಾಮೀಟರು. ದಿನದ ಸರಾಸರಿ ಉಷ್ಣಾಂಶ ಸತತ ಐದು ದಿನ 10 ಡಿಗ್ರಿ ಅಥವಾ ಅದಕ್ಕಿಂತ ಮೇಲಿದ್ದರೆ, ಆ ಐದರಲ್ಲಿ ಮೊದಲನೆಯ ದಿನ ಬೇಸಿಗೆ ಬಂತು ಎಂದು ಅಲ್ಲಿನ ಹವಾಮಾನ ಸಂಸ್ಥೆ ಬರೆದುಕೊಳ್ಳುತ್ತದೆ. ಸತತ ಐದು ದಿನ ಸೊನ್ನೆಯಲ್ಲಿ ಅಥವಾ ಅದಕ್ಕಿಂತ ಕೆಳಗಿದ್ದರೆ ಚಳಿಗಾಲ. ಸೊನ್ನೆಯ ಮೇಲೆ ಏಳು ದಿನ ನಿಂತರೆ ವಸಂತ. ಹಾಗಾಗಿ ವಸಂತ ಅಲ್ಲಿ ದಕ್ಷಿಣದ ತುದಿಯಲ್ಲಿ ಕಾಲಿಟ್ಟು ಊರೂರು ದಾಟುತ್ತ ಉತ್ತರಕ್ಕೆ ಹೋಗುತ್ತದೆ, ನಮ್ಮ ಮುಂಗಾರು ಕೇರಳದಿಂದ ಮೇಲೆ ಬಂದ ಹಾಗೆ. ದಕ್ಷಿಣದ ಕೆಲವು ಊರುಗಳಿಗೆ ಒಂದೊಂದು ವರ್ಷ ಚಳಿಗಾಲ ಬರುವುದೇ ಇಲ್ಲ.

ಅನುವಾದ ಮಾಡುವವರಿಗೆ ಇದೊಂದು ತಲೆನೋವು. 'ಬೇಸಿಗೆ' ಎಂಬ ಪದದ ಬೇರಿನಲ್ಲೇ ಬೇಯುವುದಿದೆ. ಹನ್ನೊಂದು ಡಿಗ್ರಿಯಲ್ಲಿ ಬೇಯುವುದಾದರೂ ಏನು? ಆದರೂ ನಾನು 'ಬೇಸಿಗೆ' ಎಂದೇ ಬರೆಯುತ್ತೇನೆ, ಬೇರೆ ದಾರಿಯಿಲ್ಲ. 'ವಸಂತ' ಎಂದು ಬರೆಯುವಾಗ ಮಾತ್ರ ಕೈ ತಡೆಯುತ್ತದೆ. ಸ್ಟಾಕ್‌ಹೋಮಿನ ವಸಂತದಲ್ಲಿ ಮಾವಿನ ಚಿಗುರೂ ಇಲ್ಲ, ಕಾಮನ ಬಾಣವೂ ಇಲ್ಲ. ರಸ್ತೆಯ ಹಿಮ ಕರಗಿ ಕೆಸರಾಗುತ್ತದೆ, ಹಗಲು ದಿನದಿನಕ್ಕೆ ಉದ್ದವಾಗುತ್ತದೆ, ಅಷ್ಟೆ. ಡಿಸೆಂಬರಿನಲ್ಲಿ ಆರು ಗಂಟೆಯ ಹಗಲು ಕಂಡವರಿಗೆ ಅದು ಕಡಿಮೆಯೇನಲ್ಲ ಬಿಡಿ. ಜೂನ್ ಹೊತ್ತಿಗೆ ಅದೇ ಹಗಲು ಹದಿನೆಂಟು ಗಂಟೆ ದಾಟುತ್ತದೆ.

ಈ ಊರಿನ ಹವೆಗೆ ಅಪರೂಪದ ದಾಖಲೆಯೊಂದಿದೆ. 1753ರಲ್ಲಿ ಊರಿನ ಉತ್ತರದ ಅಂಚಿನ ಗುಡ್ಡದ ಮೇಲೆ ಸ್ವೀಡಿಷ್ ವಿಜ್ಞಾನ ಅಕಾಡೆಮಿಯ ವೀಕ್ಷಣಾಲಯ ಶುರುವಾಯಿತು. ಅಕಾಡೆಮಿಗೆ ಹಣ ಬರುತ್ತಿದ್ದದ್ದು ಪಂಚಾಂಗದಿಂದ: ದೇಶಕ್ಕೆಲ್ಲ ಪಂಚಾಂಗ ಅಚ್ಚು ಹಾಕಿ ಮಾರುವ ಏಕಸ್ವಾಮ್ಯ 1747ರಲ್ಲಿ ಅದಕ್ಕೆ ಸಿಕ್ಕಿತ್ತು. ಕಾರ್ಯದರ್ಶಿಯಾಗಿದ್ದ ಪೆಹ್ರ್ ವಾರ್ಗೆಂಟಿನ್ ಗುರುಗ್ರಹದ ಚಂದ್ರರ ಚಲನೆಯ ಕೋಷ್ಟಕಗಳಿಗೆ ಹೆಸರಾದ ಖಗೋಳಜ್ಞ. ಅಲ್ಲಿ 1756ರಿಂದ ದಿನಕ್ಕೆ ಮೂರು ಸಲ, ಬೆಳಗ್ಗೆ, ಮಧ್ಯಾಹ್ನ, ರಾತ್ರಿ, ಉಷ್ಣಾಂಶ ಬರೆದಿಡುವುದು ರೂಢಿಯಾಯಿತು. ಅದು ಇವತ್ತಿಗೂ ನಿಂತಿಲ್ಲ. ವರ್ಷ ಕೂಡಿಬಂದದ್ದೂ ಒಳ್ಳೆಯದೇ ಆಯಿತು. ಸ್ವೀಡನ್ ಹಳೆಯ ಜೂಲಿಯನ್ ಕಾಲಗಣನೆ ಬಿಟ್ಟಿದ್ದು 1753ರಲ್ಲಿ, ಆ ವರ್ಷ ಫೆಬ್ರವರಿ 17ರ ಮರುದಿನವೇ ಮಾರ್ಚ್ 1. ಪಕ್ಕದ ಉಪ್ಸಾಲಾದಲ್ಲಿ 1722ರಲ್ಲೇ ಶುರುವಾದ ದಾಖಲೆ ಓದುವವರು ಹಳೆಯ ತಾರೀಖುಗಳನ್ನೆಲ್ಲ ಹನ್ನೊಂದು ದಿನ ಮುಂದಕ್ಕೆ ತಳ್ಳಿಕೊಳ್ಳಬೇಕು.

ಉಪ್ಸಾಲಾ ಎಂದರೆ ಆಂಡರ್ಸ್ ಸೆಲ್ಸಿಯಸ್‌ನ ಊರು. 1742ರಲ್ಲಿ ಅವನು ಪ್ರಕಟಿಸಿದ ಮಾಪನದಲ್ಲಿ ನೀರು ಕುದಿಯುವುದು 0, ಹೆಪ್ಪುಗಟ್ಟುವುದು 100. ಚಳಿ ಏರಿದಂತೆ ಅಂಕಿ ಏರುತ್ತದೆ. ನಮಗೆ ತಲೆಕೆಳಗು ಅನ್ನಿಸುವ ಇದು ಅಲ್ಲಿನ ಜನವರಿಯಲ್ಲಿ ನಿಂತವನಿಗೆ ಸಹಜವೇ ಇದ್ದಿರಬೇಕು ಎಂದು ನನ್ನ ಊಹೆ. 1744ರಲ್ಲಿ ಸೆಲ್ಸಿಯಸ್ ಕ್ಷಯದಿಂದ ತೀರಿಕೊಂಡ ಮೇಲೆ ಅದನ್ನು ಇಂದಿನ ಹಾಗೆ ತಿರುಗಿಸಲಾಯಿತು.

ಚಳಿಯೆಂದರೆ ಆ ಊರಿಗೆ ಬರೀ ಅಂಕಿಯಲ್ಲ. ಸ್ಟಾಕ್‌ಹೋಮಿಗೂ ಫಿನ್ಲೆಂಡಿಗೂ ನಡುವೆ ಇರುವುದು ಸಮುದ್ರ. ಅದು ಹೆಪ್ಪುಗಟ್ಟಿದರೆ ರಸ್ತೆ. 1809ರ ಮಾರ್ಚಿನಲ್ಲಿ ರಷ್ಯದ ಸೈನ್ಯ ಆಲಂಡ್ ದ್ವೀಪಗಳನ್ನು ಹಿಡಿದು ಮಂಜುಗಡ್ಡೆಯ ಮೇಲೆಯೇ ನಡೆದು ಬಂತು. ಮಾರ್ಚ್ 19ರಂದು ಅದರ ಕೊಸಾಕ್ ಸವಾರರು ರಾಜಧಾನಿಯಿಂದ ಸುಮಾರು ನೂರು ಕಿಲೋಮೀಟರಿನ ಗ್ರಿಸ್ಲೆಹಾಮ್‌ನಲ್ಲಿದ್ದರು. ಆರು ದಿನ ಹಿಂದಷ್ಟೇ ಸ್ವೀಡನ್ನಿನ ರಾಜನನ್ನು ಅವನದೇ ಅಧಿಕಾರಿಗಳು ಸೆರೆಹಿಡಿದಿದ್ದರು. ಮಂಜು ಸಡಿಲವಾಗುವ ಕಾಲ ಹತ್ತಿರವಾಗಿತ್ತು, ಸವಾರರು ಬೇಗ ಹಿಂದಿರುಗಿದರು. ಆದರೆ ಆ ವರ್ಷದ ಸೆಪ್ಟೆಂಬರ್ ಒಪ್ಪಂದದಲ್ಲಿ ಫಿನ್ಲೆಂಡ್ ಸ್ವೀಡನ್ನಿನ ಕೈತಪ್ಪಿತು. ವಿಚಿತ್ರವೆಂದರೆ ವೀಕ್ಷಣಾಲಯದ ಪುಸ್ತಕದ ಎರಡು ತುದಿಗಳೂ ಇದರ ಹಿಂದೆಮುಂದೆಯೇ ಇವೆ. 1811ರ ಜುಲೈ 3ರಂದು 36 ಡಿಗ್ರಿ ಸೆಕೆ, 1814ರ ಜನವರಿ 20ರಂದು ಸೊನ್ನೆಗಿಂತ 32 ಕೆಳಗೆ.

ಆ 36ನ್ನು ಎಷ್ಟು ನಂಬಬಹುದು? ಈ ಪ್ರಶ್ನೆ ಸಣ್ಣದಲ್ಲ. ಹಳೆಯ ದಾಖಲೆಯನ್ನು ಹಾಗೆಯೇ ಓದಿದರೆ ಹದಿನೆಂಟನೆಯ ಶತಮಾನದ ಬೇಸಿಗೆಗಳು ಈಗಿನಷ್ಟೇ ಬೆಚ್ಚಗೆ ಕಾಣುತ್ತವೆ. ಭೂಮಿ ಬಿಸಿಯಾಗುತ್ತಿದೆ ಎನ್ನುವುದೆಲ್ಲ ಸುಳ್ಳು ಎನ್ನುವವರಿಗೆ ಅಷ್ಟು ಸಾಕು. ಆದರೆ ಆಗಿನ ಥರ್ಮಾಮೀಟರು ಕಟ್ಟಡದ ಗೋಡೆಗೆ ಅಂಟಿಕೊಂಡೇ ಇತ್ತು, ಬಿಸಿಲಿಗೆ ಸರಿಯಾದ ಮರೆಯಿರಲಿಲ್ಲ. ಉತ್ತರದ ಬೇಸಿಗೆಯಲ್ಲಿ ಸೂರ್ಯ ನಸುಕಿಗೇ ಈಶಾನ್ಯದಲ್ಲಿ ಹುಟ್ಟಿ, ರಾತ್ರಿಯಾಗುವಾಗ ವಾಯವ್ಯದಲ್ಲಿ ಮುಳುಗುತ್ತಾನೆ. ಉತ್ತರದ ಗೋಡೆಗೂ ಬಿಸಿಲು ತಪ್ಪುವುದಿಲ್ಲ. ಆಂಡರ್ಸ್ ಮೊಬೆರ್ಗ್ ಮತ್ತು ಜೊತೆಯವರು ಇದನ್ನು ಪರಿಶೀಲಿಸಿ, 1859ಕ್ಕೆ ಹಿಂದಿನ ಮೇ–ಆಗಸ್ಟ್ ತಿಂಗಳುಗಳಿಂದ ಸುಮಾರು 0.7 ಡಿಗ್ರಿ ಕಳೆಯಬೇಕೆಂದು ತೋರಿಸಿದರು. ಇತ್ತೀಚಿನ ಅಂಕಿಗಳಲ್ಲೂ ಕಳೆಯುವುದಿದೆ. ಅಂದು ಊರಾಚೆಯಿದ್ದ ಗುಡ್ಡ ಇಂದು ನಗರದ ನಟ್ಟನಡುವೆ ಇದೆ, ಸುತ್ತಲಿನ ಕಟ್ಟಡಗಳ ಕಾವು ಅಂಕಿಯಲ್ಲಿ ಸೇರಿಕೊಳ್ಳುತ್ತದೆ. ಎರಡೂ ಕಡೆ ತಿದ್ದಿದ ಮೇಲೂ ಏರಿಕೆ ಉಳಿಯುತ್ತದೆ. ತಿದ್ದುವುದೆಂದರೆ ತಿರುಚುವುದು ಎಂಬ ಆಪಾದನೆ ಆಗಾಗ ಕೇಳಿಬರುತ್ತದೆ. ಹಸ್ತಪ್ರತಿಗಳ ಪಾಠಶೋಧನೆ ಗೊತ್ತಿರುವ ಕನ್ನಡದವರಿಗೆ ಇದನ್ನು ವಿವರಿಸುವುದು ಕಷ್ಟವಾಗಬಾರದು. ಚೆನ್ನೈನ ಓದುಗರು ಬೇಕಾದರೆ ನುಂಗಂಬಾಕಂ ಕಡೆ ನೋಡಬಹುದು. 1792ರ ಮದ್ರಾಸ್ ವೀಕ್ಷಣಾಲಯದ ಜಾಗದಲ್ಲೇ ಈಗಿನ ಹವಾಮಾನ ಕೇಂದ್ರವಿದೆ, ಅದರ ಸುತ್ತಲೂ ಊರು ಬೆಳೆದುಕೊಂಡಿದೆ.

ಥರ್ಮಾಮೀಟರಿಗೂ ಹಿಂದಿನ ಕಾಲಕ್ಕೆ ಸಂಶೋಧಕರು ಹೋದದ್ದು ಬಂದರಿನ ಸುಂಕದ ಕಡತಗಳಿಗೆ. ಮಂಜು ಒಡೆಯದೆ ಹಡಗು ಹೊರಡದು, ಹಡಗು ಹೊರಟರೆ ಸುಂಕ ಕಟ್ಟಲೇಬೇಕು. ವರ್ಷದ ಮೊದಲ ಹಡಗುಗಳ ತಾರೀಖು ತಡವಾದಷ್ಟೂ ಆ ವರ್ಷದ ಜನವರಿಯಿಂದ ಏಪ್ರಿಲ್‌ವರೆಗಿನ ಚಳಿ ಕಠಿಣ. ಇಂಥ ಕಡತಗಳನ್ನು ಜೋಡಿಸಿ ಸ್ಟಾಕ್‌ಹೋಮಿನ ಚಳಿಯ ಲೆಕ್ಕವನ್ನು 1502ರವರೆಗೆ ಹಿಂದಕ್ಕೆ ಒಯ್ದಿದ್ದಾರೆ. ಆ ಗುಮಾಸ್ತರು ಬರೆದದ್ದು ಹವಾಮಾನವನ್ನಲ್ಲ, ರಾಜನ ಬೊಕ್ಕಸಕ್ಕೆ ಬಂದ ದುಡ್ಡನ್ನು. ತಾರೀಖು ತಪ್ಪದೆ ಹಾಕುತ್ತಿದ್ದರು.