ಹರವಿಯ ಬಾಯಿಗೆ ಅರಿವಿ

ಹೋಳಿ ಹುಣ್ಣಿಮೆ ಕಳೆಯಿತೆಂದರೆ ನಮ್ಮ ಮಟಮಾರಿಯಲ್ಲಿ ಬೇಸಿಗೆ ಬಂದಿತೆಂದೇ ಲೆಕ್ಕ. ಪಂಚಾಂಗ ಏನೇ ಹೇಳಲಿ, ಕುಂಬಾರರ ಮನೆಯ ಮುಂದೆ ಹೆಂಗಸರು ಸೇರಿದರೆ ಅದೇ ಬೇಸಿಗೆಯ ಮೊದಲ ದಿನ. ಹೊಸ ಹರವಿಯನ್ನು ಬೆರಳ ಗೆಣ್ಣಿನಿಂದ ಬಡಿದು ನಾದ ಕೇಳಿ, ಚೌಕಾಸಿ ಮಾಡಿ ಮನೆಗೆ ತಂದು, ನೀರು ತುಂಬಿ ಎರಡು ದಿನ ನೆನೆಹಾಕಿ, ಅಡಿಗೆಮನೆಯ ಮೂಲೆಯಲ್ಲಿ ಹಸಿ ಮರಳು ಹಾಸಿ ಅದರ ಮೇಲೆ ಕೂರಿಸುವುದು. ಹರವಿ ಎಂದರೆ ದೊಡ್ಡ ಮಣ್ಣಿನ ಗಡಿಗೆ. ಅದರ ಬಾಯಿಗೆ ಒಂದು ಅರಿವಿ. ಅರಿವಿ ಎಂದರೆ ನಮ್ಮ ಕಡೆ ಬಟ್ಟೆ. ಈ ಲೇಖನ ಆ ಅರಿವಿಯ ಚರಿತ್ರೆ.

ಬಟ್ಟೆಗೂ ಚರಿತ್ರೆಯೇ ಎಂದು ನೀವು ಕೇಳಬಹುದು. ರಾಯಚೂರಿನ ಚರಿತ್ರೆ ಎಂದರೆ ಕೋಟೆ, ಕಾಳಗ ಎಂದೇ ನಾವು ಓದಿದ್ದು. ಕೃಷ್ಣೆ ಆ ಕಡೆ, ತುಂಗಭದ್ರೆ ಈ ಕಡೆ, ನಡುವಿನ ನೆಲಕ್ಕಾಗಿ ಇನ್ನೂರು ವರ್ಷ ಬಡಿದಾಟ. 1520ರ ಮೇ ತಿಂಗಳಲ್ಲಿ, ಅಂಥ ಸುಡುಬಿಸಿಲಲ್ಲಿ, ಕೃಷ್ಣದೇವರಾಯ ಆದಿಲ್‌ಶಾಹಿಯ ಮೇಲೆ ಯುದ್ಧ ಮಾಡಿ ರಾಯಚೂರನ್ನು ಗೆದ್ದ. ಆ ದಂಡಯಾತ್ರೆಯನ್ನು ಬರೆದಿಟ್ಟ ಪೋರ್ಚುಗೀಸ ವ್ಯಾಪಾರಿ ನೂನಿಜ್, ಆನೆ ಕುದುರೆಗಳ ಲೆಕ್ಕದ ಜೊತೆಗೆ ಇನ್ನೊಂದು ಲೆಕ್ಕವನ್ನೂ ಕೊಡುತ್ತಾನೆ: ಚರ್ಮದ ಚೀಲಗಳಲ್ಲಿ ನೀರು ಹೊತ್ತು ಸೈನಿಕರಿಗೆ ಕುಡಿಸುವವರು ಹನ್ನೆರಡು ಸಾವಿರ ಮಂದಿ ಇದ್ದರಂತೆ. ಪಾಠದ ಪುಸ್ತಕದವರು ಆನೆಗಳನ್ನು ಉಳಿಸಿಕೊಂಡು ನೀರಿನವರನ್ನು ಬಿಟ್ಟರು. ಎರಡು ಹೊಳೆಗಳ ನಡುವೆ ಇದ್ದೂ ನೀರಿಗೆ ಪರದಾಡುವ ನಾಡು ಇದು. ಮೇ ತಿಂಗಳಲ್ಲಿ ಇಲ್ಲಿ ಮಕ್ಕಳನ್ನು ಸಾಕಿದ ಯಾವ ತಾಯಿಗೂ ಆ ಹನ್ನೆರಡು ಸಾವಿರ ಹೆಚ್ಚೆಂದು ತೋರುವುದಿಲ್ಲ.

ನಾನು ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಬೆಳೆದವಳು. 1978ರಲ್ಲಿ ಮದುವೆಯಾಗಿ ಮಟಮಾರಿಗೆ ಬಂದೆ. ರಾಯಚೂರಿನಿಂದ ಮಂತ್ರಾಲಯದ ಕಡೆಗೆ ಹೋಗುವ ರೈಲು ಹಳಿಯ ಮೇಲಿನ ಊರು. ನಮ್ಮವರು ಶಾಲೆಯ ಮಾಸ್ತರರು. ಮಾರ್ಚ್ ಬಂತೆಂದರೆ ಶಾಲೆ ಬೆಳಗಿನ ಹೊತ್ತಿಗೆ ಬದಲಾಗುತ್ತಿತ್ತು. ನಮ್ಮ ಭಾಗದ ಜಿಲ್ಲೆಗಳಲ್ಲಿ ಏಪ್ರಿಲ್, ಮೇ ತಿಂಗಳು ಸರ್ಕಾರಿ ಕಚೇರಿಗಳೂ ಬೆಳಿಗ್ಗೆ ಎಂಟಕ್ಕೆ ತೆರೆದು ಮಧ್ಯಾಹ್ನ ಒಂದೂವರೆಗೆ ಮುಚ್ಚುವುದು ರೂಢಿ. ಸೂರ್ಯನ ಮುಂದೆ ಸರ್ಕಾರವೂ ಬಾಗುವುದು ಇಲ್ಲಿಯೇ ಇರಬೇಕು.

ಮನೆಯ ಗಡಿಯಾರವೂ ತಿರುಗುತ್ತಿತ್ತು. ನಸುಕಿನಲ್ಲಿ ನೀರು, ಏಳಕ್ಕೆಲ್ಲ ರೊಟ್ಟಿ ಬಡಿದು ಒಲೆ ಆರಿಸಿಬಿಡುವುದು. ಹತ್ತರೊಳಗೆ ಮಾಳಿಗೆಯ ಮೇಲೆ ಸಂಡಿಗೆ ಹಾಕಿ ಇಳಿಯಬೇಕು, ಇಲ್ಲದಿದ್ದರೆ ಅಂಗಾಲು ಹಪ್ಪಳವಾಗುತ್ತದೆ. ಮಗಳಿಗೆ ಐದು, ಮಗನಿಗೆ ಎರಡು ತುಂಬಿದ ಆ ಬೇಸಿಗೆ ನನಗೆ ಚೆನ್ನಾಗಿ ನೆನಪಿದೆ. ಅವಳಿಗೆ ಕಾಗೆ ಕಾಯುವ ಕೆಲಸ. ಕಾಗೆಗಿಂತ ಹೆಚ್ಚು ಹಸಿ ಸಂಡಿಗೆ ತಿಂದವಳು ಅವಳೇ. ಅವನ ಕುತ್ತಿಗೆಯ ತುಂಬ ಬೆವರುಗುಳ್ಳೆ. ಅತ್ತೆಯವರು ಹಿತ್ತಾಳೆಯ ಕೊಳಗದಲ್ಲಿ ನೀರು ತುಂಬಿ ಬೇವಿನೆಲೆ ಹಾಕಿ ಅಂಗಳದ ಬಿಸಿಲಿಗೆ ಇಡುತ್ತಿದ್ದರು. ಹನ್ನೊಂದಕ್ಕೆ ಆ ನೀರು ಕೈ ತಾಳುವಷ್ಟು ಕಾದು ಮಕ್ಕಳ ಸ್ನಾನಕ್ಕೆ ಸಿದ್ಧ. ಮಧ್ಯಾಹ್ನ ಬಾಗಿಲು ಹಾಕಿ, ಬೆಳಕಿಂಡಿ ಮುಚ್ಚಿ, ನೆಲಕ್ಕೆ ನೀರು ಚಿಮುಕಿಸಿ ಇಬ್ಬರನ್ನೂ ಮಲಗಿಸುವುದು. ಮಕ್ಕಳು ಮಲಗುತ್ತಿರಲಿಲ್ಲ. ಗಳಿಗೆಗೊಮ್ಮೆ ‘ನೀರು’ ಎನ್ನುತ್ತಿದ್ದವು.

ಆ ನೀರಿನ ಮಾತಿಗೇ ಬರುತ್ತೇನೆ. ನಮ್ಮ ಅತ್ತೆಯವರ ಎಡಗಾಲಿನ ಹರಡಿನ ಮೇಲೆ ಕಾಸಿನಗಲದ ಕಲೆ ಇತ್ತು. ಹೊಸತರಲ್ಲಿ ಸುಟ್ಟ ಗಾಯವೇ ಎಂದು ಕೇಳಿದ್ದೆ. ‘ನಾರು ಹೊಂಟಿತ್ತವ್ವಾ’ ಎಂದಿದ್ದರು, ನೆಗಡಿ ಬಂದಿತ್ತು ಎನ್ನುವಷ್ಟು ಸಲೀಸಾಗಿ. ನಾರುಹುಣ್ಣಿನ ಹೆಸರನ್ನು ನಾನು ಪಾಠದಲ್ಲಿ ಓದಿದ್ದೆನೇ ಹೊರತು ಕಂಡಿರಲಿಲ್ಲ. ಬಿಳಿಯ ದಾರದಂಥ ಹುಳು, ಎರಡು ಮೂರು ಅಡಿ ಉದ್ದ. ಕಾಲಿನಲ್ಲಿ ಉರಿಯುವ ಗುಳ್ಳೆ ಎದ್ದು ಒಡೆದು ಅದರಿಂದ ತುದಿ ಹೊರಬರುತ್ತದೆ. ಅದನ್ನು ಒಂದು ಕಡ್ಡಿಗೆ ಸುತ್ತಿ ದಿನಕ್ಕೆ ಬೆರಳಷ್ಟು ಬೆರಳಷ್ಟು ಎಳೆಯಬೇಕು. ಅವಸರ ಮಾಡಿ ಹರಿದರೆ ಒಳಗೆಲ್ಲ ಕೀವಾಗಿ ತಿಂಗಳುಗಟ್ಟಲೆ ಹಾಸಿಗೆ. ಸಾಯುವವರು ಕಡಿಮೆ, ಏಳಲಾರದವರೇ ಎಲ್ಲ. ಅದೂ ಸರಿಯಾಗಿ ಬೇಸಿಗೆಯಲ್ಲಿ, ಮಕ್ಕಳ ಪರೀಕ್ಷೆಯ ಹೊತ್ತಿಗೆ.

ಅತ್ತೆಯವರ ತವರು ಮಾನ್ವಿ ತಾಲ್ಲೂಕಿನ ಒಂದು ಹಳ್ಳಿ. ಅಲ್ಲಿ ಊರಿಗೆಲ್ಲ ಒಂದೇ ಪಾವಟಿಗೆಯ ಬಾವಿ. ಪಾವಟಿಗೆ ಇಳಿದು, ಮೊಣಕಾಲು ಮಟ್ಟ ನೀರಿನಲ್ಲಿ ನಿಂತು, ಕೊಡ ಮುಳುಗಿಸಿ ಹೊತ್ತು ಏರಬೇಕು. ಬೇಸಿಗೆ ಬಲಿತಂತೆ ನೀರು ತಳ ಹಿಡಿಯುತ್ತದೆ, ಇಳಿಯುವ ಮೆಟ್ಟಿಲು ಹೆಚ್ಚುತ್ತವೆ. ಕಾಲಿನ ಗುಳ್ಳೆ ಉರಿದವರಿಗೆ ಆ ತಂಪು ನೀರೇ ಔಷಧ. ಹುಳುವಿಗೂ ಬೇಕಾದದ್ದು ಅದೇ. ಕಾಲು ನೀರಿಗೆ ತಾಗಿದ ಕೂಡಲೇ ಅದು ಸಾವಿರಗಟ್ಟಲೆ ಮರಿ ಬಿಡುತ್ತದೆ. ಬಾವಿಯಲ್ಲಿ ಸೈಕ್ಲಾಪ್ಸ್ ಎಂಬ, ಸಾಸಿವೆ ಕಾಳಿಗಿಂತ ಸಣ್ಣ ಜೀವಿ ಆ ಮರಿಗಳನ್ನು ನುಂಗುತ್ತದೆ. ನೀರಿನ ಜೊತೆ ನಾವು ಆ ಜೀವಿಯನ್ನು ನುಂಗುತ್ತೇವೆ. ಮುಂಬಯಿ ಕಡೆಯ ಹಳಿಯೂ ಮದರಾಸು ಕಡೆಯ ಹಳಿಯೂ ರಾಯಚೂರಿನಲ್ಲಿ ಕೂಡಿದ್ದು 1871ರಲ್ಲಿ. ಹೆಚ್ಚುಕಡಿಮೆ ಅದೇ ಹೊತ್ತಿಗೆ ಫೆದ್ಚೆಂಕೊ ಎಂಬ ರಷ್ಯದ ವಿಜ್ಞಾನಿ ತುರ್ಕಿಸ್ತಾನದಲ್ಲಿ ಕುಳಿತು ಈ ಸೈಕ್ಲಾಪ್ಸಿನ ಗುಟ್ಟನ್ನು ಕಂಡುಹಿಡಿದಿದ್ದ. ರೈಲು ನಮ್ಮೂರಿನ ಮೇಲೆ ಹಾಯಿತು. ಗುಟ್ಟು ಬರಲು ಇನ್ನೂ ನೂರು ವರ್ಷಕ್ಕೆ ಮೇಲೆ ಹಿಡಿಯಿತು.

ಬಂದದ್ದು ಒಬ್ಬ ನರ್ಸಮ್ಮನ ಕೈಯಲ್ಲಿ. ಭಾರತ ಸರ್ಕಾರ 1983–84ರಲ್ಲಿ ನಾರುಹುಣ್ಣನ್ನು ಬೇರುಸಹಿತ ಕೀಳುವ ಕಾರ್ಯಕ್ರಮ ಹಾಕಿಕೊಂಡಿತು. 1984ರಲ್ಲಿ ಎಣಿಸಿದಾಗ ಏಳು ರಾಜ್ಯಗಳಲ್ಲಿ ಸುಮಾರು 40 ಸಾವಿರ ರೋಗಿಗಳು. ಕರ್ನಾಟಕವೂ ಆ ಏಳರಲ್ಲಿ ಒಂದು, ನಮ್ಮ ಜಿಲ್ಲೆಯೂ ಅದರಲ್ಲಿ. ಈ ರೋಗಕ್ಕೆ ಚುಚ್ಚುಮದ್ದಿಲ್ಲ, ಗುಳಿಗೆಯಿಲ್ಲ. ಒಮ್ಮೆ ಬಂದವರಿಗೆ ಮತ್ತೆ ಬಾರದೆಂಬ ಭರವಸೆಯೂ ಇಲ್ಲ. ಉಳಿದ ದಾರಿ ಎರಡೇ: ಬಾವಿಗೆ ಕಾಲಿಡಬಾರದು, ನೀರು ಸೋಸದೆ ಕುಡಿಯಬಾರದು. ದೇಶದ ಕಾರ್ಯಕ್ರಮ ಎಂದು ದೊಡ್ಡ ಹೆಸರು. ಅದು ನಡೆಯಬೇಕಾದದ್ದು ನಮ್ಮ ಅಡಿಗೆಮನೆಯ ಮೂಲೆಯಲ್ಲಿ.

ನರ್ಸಮ್ಮ ಚಿತ್ರಪಟ ಬಿಚ್ಚಿ ಕಟ್ಟೆಯ ಮೇಲೆ ಕುಳಿತು ಹೇಳಿದಾಗ ಅತ್ತೆಯವರು ಒಪ್ಪಲಿಲ್ಲ. ‘ಹುಳ ಕುಡದ್ರ ಹೊಟ್ಟ್ಯಾಗ ಬ್ಯಾನಿ ಬರಬೇಕಲ್ಲ, ಕಾಲಾಗ ಹೆಂಗ ಬರತದ?’ ಎಂದರು. ಅವರ ಮಾತಿನಲ್ಲಿ ತಪ್ಪೇನಿತ್ತು? ನರ್ಸಮ್ಮ ವಾದಿಸಲಿಲ್ಲ. ‘ಅವ್ವಾರ, ನಿಮಗ ನಾರು ಹೊಂಟಿದ್ದು ಯಾವ ವರ್ಷರೀ? ಅದರ ಹಿಂದಿನ ಬ್ಯಾಸಗ್ಯಾಗ ಎಲ್ಲಿದ್ರಿ?’ ಎಂದಷ್ಟೇ ಕೇಳಿದಳು.

ಮಾವನವರು ಮಕ್ಕಳು ಹುಟ್ಟಿದ ದಿನಗಳನ್ನು ಒಂದು ಹಳೆಯ ವಹಿಯಲ್ಲಿ ಬರೆದಿಟ್ಟಿದ್ದರು. ನಿಜಾಮರ ಕಾಲದ ಲೆಕ್ಕ, ಎಲ್ಲ ಫಸಲಿಯಲ್ಲಿ. ಹಿರಿಯ ನಾದಿನಿ ಹುಟ್ಟಿದ್ದು ತೀರ್ 1352 ಎಂದಿತ್ತು. ತೀರ್ ಎಂದರೆ ಮೇ ತಿಂಗಳ ಸುಮಾರು. 591 ಕೂಡಿಸಿದರೆ 1943. ಚೊಚ್ಚಲ ಹೆರಿಗೆಗೆಂದು ಅತ್ತೆ ಆ ಬೇಸಿಗೆ ತವರಿನಲ್ಲಿದ್ದರು, ಅದೇ ಪಾವಟಿಗೆ ಬಾವಿಯ ನೀರು ಕುಡಿದರು. ಮರುವರ್ಷದ ಬೇಸಿಗೆಗೆ ಅವರು ಮಟಮಾರಿಯಲ್ಲಿ, ಮಗು ಅಂಬೆಗಾಲಿಟ್ಟು ಹೊಸ್ತಿಲು ದಾಟುವ ವಯಸ್ಸು. ಆಗ ನಾರು ಹೊರಟಿತು. ಎರಡು ತಿಂಗಳು ನೆಲಕ್ಕೆ ಕಾಲೂರಲಾಗಲಿಲ್ಲ. ಮಗು ಒಲೆಗೆ ಬಿದ್ದೀತೆಂದು ಅದರ ನಡುವಿಗೆ ಹಳೆ ಸೀರೆಯ ತುಂಡು ಕಟ್ಟಿ, ಇನ್ನೊಂದು ತುದಿಯನ್ನು ಮಂಚದ ಕಾಲಿಗೆ ಬಿಗಿದು, ಮಲಗಿದಲ್ಲಿಂದಲೇ ನೋಡಿಕೊಂಡರಂತೆ. ನೀರು ತರುವವರಿಲ್ಲ. ನೆರೆಯವರು ಕೊಟ್ಟರೆ ಉಂಟು.

ನಾರುಹುಳು ಒಳಗೆ ಬೆಳೆಯಲು ಒಂದು ವರ್ಷ ಹಿಡಿಯುತ್ತದೆ. ಈ ಬೇಸಿಗೆ ಕುಡಿದದ್ದು ಮುಂದಿನ ಬೇಸಿಗೆಗೆ ಕಾಲಲ್ಲಿ ಬರುತ್ತದೆ. ಹನ್ನೆರಡು ತಿಂಗಳ ಹಿಂದಿನ ಒಂದು ಬೊಗಸೆ ನೀರನ್ನು ಯಾರು ನೆನಪಿಟ್ಟಾರು? ಹಾಗಾಗಿ ದೋಷವನ್ನು ಉಷ್ಣಕ್ಕೆ ಹೊರಿಸಿದರು, ತಿಂದ ಬದನೆಕಾಯಿಗೆ ಹೊರಿಸಿದರು, ದೇವರಿಗೆ ಹೊರಿಸಿದರು. ಅತ್ತೆಯವರ ಪಾಲಿಗೆ ಅದು ಹೆರಿಗೆಯ ಹೊತ್ತಿನಲ್ಲಿ ಹೊತ್ತು ತೀರಿಸದೆ ಬಿಟ್ಟ ಹರಕೆ. ನಲವತ್ತು ವರ್ಷ ಹಾಗೆಯೇ ನಂಬಿದ್ದರು. ನರ್ಸಮ್ಮ ಗಾಜಿನ ಲೋಟದಲ್ಲಿ ಬಾವಿಯ ನೀರು ತುಂಬಿ ಬಿಸಿಲಿಗೆ ಹಿಡಿದಳು. ಬಿಳಿಯ ಚುಕ್ಕೆಗಳು ಚಿಟ್ ಚಿಟ್ ಎಂದು ನೆಗೆಯುತ್ತಿದ್ದವು. ಅತ್ತೆ ಬಹಳ ಹೊತ್ತು ನೋಡಿದರು. ‘ಹರಕಿ ಅಲ್ಲೇನು ಹಂಗಾರ’ ಎಂದರು, ಯಾರಿಗೂ ಅಲ್ಲದಂತೆ.

ಮರುದಿನದಿಂದ ಮನೆಯಲ್ಲಿ ಹೊಸ ಆಡಳಿತ ಶುರುವಾಯಿತು. ಮಾವನವರ ಮೆತ್ತನೆಯ ಹಳೆ ಧೋತರವನ್ನು ಹರಿದು, ಎರಡು ಪದರು ಮಾಡಿ ಹೊಲಿದು ಹರವಿಯ ಬಾಯಿಗೆ ಕಟ್ಟಿದರು. ಮೊದಲೂ ಸೋಸುತ್ತಿದ್ದೆವು. ಅದು ಕಸಕಡ್ಡಿಗೆ, ಜಾಳು ಬಟ್ಟೆಯಲ್ಲಿ. ಈಗ ಒಂದು ಮುಖ್ಯ ನಿಯಮ ಬಂತು: ಮೇಲಿನ ಮಗ್ಗುಲು ಯಾವಾಗಲೂ ಮೇಲೆಯೇ ಇರಬೇಕು. ತಿರುವಿ ಹಾಕಿದರೆ ನಿನ್ನೆ ತಡೆದ ಹುಳವನ್ನೆಲ್ಲ ಇವತ್ತು ಹರವಿಗೆ ತೊಳೆದಂತೆ. ಅದಕ್ಕಾಗಿ ಅತ್ತೆ ಮೇಲ್ಮಗ್ಗುಲಿನ ಮೂಲೆಗೆ ಕೆಂಪು ದಾರದ ಒಂದು ಹೊಲಿಗೆ ಹಾಕಿದರು. ನನ್ನ ಐದು ವರ್ಷದ ಮಗಳು ಅದರ ಪೊಲೀಸ್ ಆದಳು. ಯಾರು ನೀರು ಸುರಿದರೂ ‘ಕೆಂಪು ಮ್ಯಾಲ ಐತೇನು?’ ಎಂದು ಓಡಿ ಬರುತ್ತಿದ್ದಳು.

ಮನೆಯಲ್ಲಿ ಸರಿ, ತವರಿನಲ್ಲಿ? ಯುಗಾದಿಗೆ ಮಕ್ಕಳನ್ನು ಕರೆದುಕೊಂಡು ಅತ್ತೆಯವರ ತವರಿಗೆ ಹೋಗಬೇಕಾಯಿತು. ಅಲ್ಲಿ ಸರ್ಕಾರದವರು ಬೋರಿಂಗ್ ಹಾಕಿಸಿದ್ದರು. ಆದರೂ ಹೆಂಗಸರು ಬಾವಿಗೇ ಇಳಿಯುತ್ತಿದ್ದರು. ಮೂಢರು ಎಂದು ಸರ್ಕಾರಿ ವರದಿ ಬರೆಯುವವರು ಒಮ್ಮೆ ಬೋರಿಂಗ್ ನೀರಿನಲ್ಲಿ ತೊಗರಿ ಬೇಳೆ ಬೇಯಿಸಿ ನೋಡಬೇಕು. ಗಡಸು ನೀರು, ಎಷ್ಟು ಸೌದೆ ಉರಿಸಿದರೂ ಬೇಳೆ ಕಾಳುಕಾಳು. ಬಾವಿಯ ನೀರಿನಲ್ಲಿ ಎರಡು ಕುದಿಗೆ ಬೆಣ್ಣೆ. ಸೌದೆ ತರುವವಳೂ ನೀರು ತರುವವಳೂ ಒಬ್ಬಳೇ ಆದಾಗ ಅವಳ ಲೆಕ್ಕ ಹಾಗೆ ಇರುತ್ತದೆ. ನಾನು ಚೀಲದಲ್ಲಿ ಅರಿವಿ ಒಯ್ದಿದ್ದೆ. ಬೇವು ಕಲಸುವ ನೀರನ್ನೂ ಸೋಸಿದೆ, ಮಜ್ಜಿಗೆಗೆ ಬೆರೆಸುವ ನೀರನ್ನೂ ಸೋಸಿದೆ. ‘ಧಾರವಾಡದಾಕಿ ನಮ್ಮ ನೀರಿಗೆ ಹೇಸತಾಳ’ ಎಂದು ನಗೆಯಾಡಿದರು. ಅತ್ತೆ ಸೀರೆ ಹರಡಿನಿಂದ ಮೇಲೆತ್ತಿ ಕಲೆ ತೋರಿಸಿ, ‘ಹೇಸಿಗಿ ಅಲ್ಲ ಇದು, ನನ್ನ ಕಾಲು ನೋಡ್ರಿ’ ಎಂದರು. ನಗೆ ನಿಂತಿತು. ಅತ್ತೆ–ಸೊಸೆ ಒಂದೇ ಪಕ್ಷದಲ್ಲಿ ನಿಂತದ್ದನ್ನು ಆ ಊರು ಅಂದೇ ಮೊದಲು ಕಂಡಿರಬೇಕು.

ಆದರೂ ಮಗ ಎರಡು ವರ್ಷದವನು. ಓಡಾಡುವ ಮಗು ಯಾರ ಮನೆಯಲ್ಲಿ ಯಾವ ಚರಿಗೆಗೆ ಬಾಯಿ ಹಚ್ಚಿತೋ ಯಾರು ಬಲ್ಲರು? ಆ ಭಯ ವರ್ಷವಿಡೀ ಜೊತೆಗಿತ್ತು. ಮುಂದಿನ ಹೋಳಿಯಿಂದ ಮಿರಗದ ಮಳೆಯವರೆಗೆ, ದಿನಾ ಸ್ನಾನ ಮಾಡಿಸುವಾಗ ಇಬ್ಬರ ಕಾಲುಗಳನ್ನೂ ಮೊಣಕಾಲಿನಿಂದ ಬೆರಳ ಸಂದಿಯವರೆಗೆ ಸವರಿ ನೋಡುತ್ತಿದ್ದೆ. ಸೊಳ್ಳೆ ಕಚ್ಚಿದ ದದ್ದು ಕಂಡರೂ ಎದೆ ಧಸಕ್ಕೆನ್ನುತ್ತಿತ್ತು. ಜೂನ್‌ನಲ್ಲಿ ಮಳೆ ಬಿತ್ತು. ಇಬ್ಬರ ಕಾಲಿಗೂ ಕೆಸರು ಬಿಟ್ಟು ಮತ್ತೇನೂ ಹತ್ತಿರಲಿಲ್ಲ.

ಅತ್ತೆಯವರ ತವರಿನ ಬಾವಿಗೆ ಆಮೇಲೆ ಟೆಮಿಫಾಸ್ ಎಂಬ ಔಷಧ ಹಾಕಿದರು. ಬಾವಿಗೆ ವಿಷ ಹಾಕುತ್ತಾರೆಂದು ಸ್ವಲ್ಪ ಗಲಾಟೆಯೂ ಆಯಿತು. ಕಡೆಗೆ ಪಾವಟಿಗೆಗಳಿಗೆ ಅಡ್ಡ ಗೋಡೆ ಎತ್ತಿ, ಮೇಲೆ ಕಟ್ಟೆ ಕಟ್ಟಿ ಗಡಗಡಿ ಕೂರಿಸಿದರು. ಬೇಳೆಯೂ ಬೆಂದಿತು, ಕಾಲೂ ಒಣಗಿತು. ದೇಶದ ಕಡೆಯ ನಾರುಹುಣ್ಣಿನ ರೋಗಿ ಕಂಡುಬಂದದ್ದು 1996ರ ಜುಲೈಯಲ್ಲಿ, ರಾಜಸ್ಥಾನದಲ್ಲಿ. 2000ದ ಫೆಬ್ರವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತ ಈ ರೋಗದಿಂದ ಮುಕ್ತ ಎಂದು ಸಾರಿತು. 1986ರಲ್ಲಿ ಲೋಕದಲ್ಲೆಲ್ಲ ಸುಮಾರು 35 ಲಕ್ಷ ರೋಗಿಗಳಿದ್ದರೆಂದು ಅಂದಾಜು. 2023ರಲ್ಲಿ ಸಿಕ್ಕವರು ಆಫ್ರಿಕದ ಕೆಲವು ದೇಶಗಳಲ್ಲಿ 14 ಮಂದಿ. ಪತ್ರಿಕೆಗಳು ಇದನ್ನು ವಿಜ್ಞಾನದ ಗೆಲುವು ಎಂದು ಬರೆದವು. ಇರಲಿ. ದಿನಕ್ಕೆ ಹತ್ತು ಕೊಡ ನೀರನ್ನು, ವರ್ಷದ ಮೇಲೆ ಸಿಗುವ ಫಲಕ್ಕಾಗಿ, ಮಗ್ಗುಲು ತಪ್ಪದಂತೆ ಸೋಸಿದವರ ಹೆಸರು ಯಾವ ಪ್ರಮಾಣಪತ್ರದಲ್ಲೂ ಇಲ್ಲ.

ನಮ್ಮ ನೀರಿನ ಕಷ್ಟ ಮುಗಿಯಿತೆಂದಲ್ಲ. ಜಿಲ್ಲೆಯ ಎಷ್ಟೋ ಹಳ್ಳಿಗಳ ಬೋರಿಂಗ್ ನೀರಿನಲ್ಲಿ ಫ್ಲೋರೈಡ್ ಇದೆ. ಅದು ಯಾವ ಅರಿವಿಗೂ ಸಿಗುವುದಿಲ್ಲ. 2022ರ ಬೇಸಿಗೆಯ ಕೊನೆಯಲ್ಲಿ ರಾಯಚೂರು ನಗರದಲ್ಲಿ ಕೆಟ್ಟ ಕುಡಿಯುವ ನೀರಿನಿಂದ ನೂರಾರು ಮಂದಿ ಆಸ್ಪತ್ರೆ ಸೇರಿದರು, ಕೆಲವರು ಸತ್ತರು. ಆ ಸುದ್ದಿ ಓದಿದ ದಿನ ಮಗಳು ದೂರದ ಊರಿನಿಂದ ಫೋನ್ ಮಾಡಿ ಮೊದಲು ಕೇಳಿದ್ದು, ‘ನೀರು ಕುದಿಸ್ತೀಯೇನವ್ವ?’ ಎಂದು. ಅವಳ ಮಕ್ಕಳಿಗೆ ನಾರು ಎಂದರೆ ಬಾಳೆಯ ನಾರು ಮಾತ್ರ ಗೊತ್ತು.

ಅತ್ತೆಯವರು 1998ರಲ್ಲಿ ತೀರಿಕೊಂಡರು. ಹಿರಿಯ ನಾದಿನಿಗೆ ಈಗ ಎಂಬತ್ತು ದಾಟಿದೆ. ಮಂಚದ ಕಾಲಿಗೆ ಕಟ್ಟಿಹಾಕಿದ್ದು ಅವರಿಗೆ ನೆನಪಿಲ್ಲ, ಒಂದು ವರ್ಷದ ಕೂಸಿಗೆ ಹೇಗೆ ನೆನಪಿದ್ದೀತು. ಆದರೆ ಯಾರ ಮನೆಗೆ ಹೋದರೂ, ಲೋಟವನ್ನು ಬೆಳಕಿಗೆ ಹಿಡಿದು ನೋಡಿಯೇ ನೀರು ಕುಡಿಯುತ್ತಾರೆ.