ಪಚನವಲ್ಲ, ಅಪಚಯ

ಚಯಾಪಚಯ

ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆಗೆ ಹೋಗಿಬಂದ ಅಣ್ಣಿಗೇರಿಯ ಹಿರಿಯರೊಬ್ಬರು ಕೇಳಿದರು: "ಚಯಾಪಚಯ ಅಂದ್ರ ಪಚನ ಏನ್ರೀ? ಗಡ್ಡಿ ಇರೋದು ಪುಪ್ಪುಸದಾಗ, ಹೊಟ್ಟ್ಯಾಗಲ್ಲಲ್ಲ!"

ಅನೇಕರು 'ಚಯಾ-ಪಚಯ' ಎಂದೇ ಒಡೆದು ಓದುತ್ತಾರೆ. ಬಿಡಿಸಬೇಕಾದದ್ದು ಚಯ + ಅಪಚಯ ಎಂದು. ಸಂಸ್ಕೃತದ 'ಚಿ' ಧಾತುವಿಗೆ ಕೂಡಿಹಾಕು ಎಂಬರ್ಥ. ಸಂಚಯ, ಉಪಚಯ ಇದರ ಬಳಗವೇ. ಸುಗ್ಗಿಯಲ್ಲಿ ಹಗೇವಿಗೆ ಜೋಳ ತುಂಬಿದ್ದು ಚಯ, ಮುಂದೆ ತೆಗೆದು ಉಂಡದ್ದು ಅಪಚಯ. ಆಯುರ್ವೇದದಲ್ಲಿ ಚಯವೆಂದರೆ ದೋಷಗಳ ಶೇಖರಣೆ. ಪ್ರಕೋಪ ಅದರ ಮುಂದಿನ ಹಂತ. ಇಂದಿನ ಜೀವಶಾಸ್ತ್ರದಲ್ಲಿ ಜೀವಕೋಶದ ಕಟ್ಟುವ, ಒಡೆಯುವ ಕೆಲಸಗಳೆರಡೂ ಸೇರಿ ಚಯಾಪಚಯ. ಮರಾಠಿ, ಹಿಂದಿಗಳಲ್ಲೂ ಇದೇ ಪದ. ತಮಿಳರ 'ವಳರ್‌ಸಿದೈ ಮಾಟ್ರಂ' ಬೆಳೆಯುವುದು, ಒಡೆಯುವುದು ಎಂಬೆರಡನ್ನೂ ಅಚ್ಚ ತಮಿಳಿನಲ್ಲೇ ಹಿಡಿದಿದೆ. ನನಗೆ ಅಸೂಯೆ.

ಕ್ಯಾನ್ಸರ್ ಕೋಶದ ಲೆಕ್ಕವೇ ಬೇರೆ. ಆಮ್ಲಜನಕ ಸಾಕಷ್ಟಿದ್ದರೂ ಅದು ಗ್ಲೂಕೋಸನ್ನು ಪೂರ್ತಿ ಉರಿಸದೆ ಲ್ಯಾಕ್ಟಿಕ್ ಆಮ್ಲವಾಗಿ ಹುಳಿಸುತ್ತದೆ ಎಂದು ಜರ್ಮನಿಯ ಆಟೊ ವಾರ್‌ಬರ್ಗ್ 1920ರ ದಶಕದಲ್ಲಿ ಕಂಡ. ಈ ಸಕ್ಕರೆಯ ಹಸಿವಿನಿಂದಲೇ ಪೆಟ್ ಸ್ಕ್ಯಾನಿನಲ್ಲಿ ಗಡ್ಡೆ ಹೊಳೆಯುವುದು. ಹಾಗಂತ ಚಹಾಕ್ಕೆ ಸಕ್ಕರೆ ಬಿಟ್ಟರೆ ಗಡ್ಡೆ ಸೊರಗದು. ಒಂದು ಮೇವು ಕಡಿಮೆಯಾದರೆ ಅದು ಗ್ಲುಟಮಿನ್‌ನಂಥ ಇನ್ನೊಂದಕ್ಕೆ ಬಾಯಿ ಹಾಕೀತು. ಶ್ವಾಸಕೋಶ ಕ್ಯಾನ್ಸರಿನ ಕೆಲವು ಬಗೆಗಳಿಗೆ ಕೊಡುವ ಪೆಮೆಟ್ರೆಕ್ಸೆಡ್ ತಡೆಯುವುದು ಫೋಲೇಟಿನ ದಾರಿಯನ್ನು: ಹೊಸ ಡಿಎನ್‌ಎ ಕಟ್ಟುವ ಸಾಮಗ್ರಿಯೇ ಸಿಗದಂತೆ. ಅಂದರೆ ಪೆಟ್ಟು ಬೀಳುವುದು ಚಯಕ್ಕೆ.

ಹಿರಿಯರಿಗೆ ಹಗೇವಿನ ಮಾತು ಹಿಡಿಸಿತು. "ಹಂಗಾರ ಈ ಗಡ್ಡಿ ಹಗೇವಿನ್ಯಾಗಿನ ಇಲಿ ಅನ್ರಿ" ಅಂದರು.