ಸಿನೆಮಾ ನೋಡಲು ಯಾರನ್ನು ಕರೆಯೋಣ?



ಪರೀಕ್ಷೆ ಮುಗಿದ ವಾರ, ಕ್ರಿಸ್ಮಸ್ ರಜೆ, ಬೆಂಗಳೂರಿನಿಂದಲೋ ಗಲ್ಫಿನಿಂದಲೋ ಗೆಳೆಯರು ಊರಿಗೆ ಬಂದ ದಿನ. ಇಂಥ ಹೊತ್ತಿನಲ್ಲಿ ನಾಲ್ಕೈದು ಮಂದಿ ಒಬ್ಬರ ಮನೆಯಲ್ಲಿ ಸೇರಿ, ಚರುಮುರಿ ಕಲಸಿ, ಚಾಪೆ ಹಾಸಿ ಒಂದು ಸಿನೆಮಾ ನೋಡುವುದುಂಟು. ಇದು ಬರೀ ಕಾಲಹರಣ ಎಂದು ಕೆಲವರಿಗೆ ಅನ್ನಿಸಬಹುದು. ಆದರೆ ಒಟ್ಟಿಗೆ ಕೂತು ಚಿತ್ರ ನೋಡುವುದಕ್ಕೆ ನಮ್ಮ ನಾಡಿನಲ್ಲಿ ನೂರು ವರ್ಷಕ್ಕೂ ಮಿಕ್ಕಿದ ಚರಿತ್ರೆಯಿದೆ. ಆ ಚರಿತ್ರೆಯ ಮೊದಲ ಪುಟಗಳಲ್ಲೇ ಯೇಸುವಿನ ಕಥೆಯೂ ಇದೆ.

1905ರಲ್ಲಿ ತಿರುಚಿರಾಪಳ್ಳಿಯ ರೈಲ್ವೆ ಕಚೇರಿಯಲ್ಲಿ ನಕ್ಷೆ ಬಿಡಿಸುವ ಕೆಲಸದಲ್ಲಿದ್ದ ಸಾಮಿಕಣ್ಣು ವಿನ್ಸೆಂಟ್ ಎಂಬ ತರುಣ, ಊರಿಗೆ ಬಂದಿದ್ದ ಡುಪಾಂಟ್ ಎಂಬ ಫ್ರೆಂಚ್ ಪ್ರದರ್ಶಕನಿಂದ ಪ್ರೊಜೆಕ್ಟರನ್ನೂ ಕೆಲವು ಕಿರುಚಿತ್ರಗಳನ್ನೂ ಕೊಂಡುಕೊಂಡರು. ಅವುಗಳಲ್ಲಿ ಯೇಸುಕ್ರಿಸ್ತರ ಜೀವನದ ಚಿತ್ರವೂ ಇತ್ತು. ಕೆಲಸ ಬಿಟ್ಟು, ಡೇರೆ ಹೊತ್ತು ಊರೂರು ಸುತ್ತಿದರು. ಕೇರಳದ ಜನ ಮೊದಲು ಕಂಡ ಸಿನೆಮಾ ಪ್ರದರ್ಶನಗಳಲ್ಲಿ ಅವರದೂ ಸೇರಿದೆ. ಕೊನೆಗೆ 1914ರಲ್ಲಿ ಕೊಯಮತ್ತೂರಿನಲ್ಲಿ ವೆರೈಟಿ ಹಾಲ್ ಎಂಬ ಚಿತ್ರಮಂದಿರವನ್ನೇ ಕಟ್ಟಿದರು. ಆ ಚಿತ್ರಗಳಿಗೆ ಮಾತಿರಲಿಲ್ಲ. ಆದುದರಿಂದ ಯಾವ ಭಾಷೆಯವರು ಬಂದರೂ ಕೂತು ನೋಡಬಹುದಿತ್ತು, ಓದು ಬಾರದವರಿಗೂ ಕಥೆ ಅರ್ಥವಾಗುತ್ತಿತ್ತು.

ಅದೇ ಕಾಲದ ಇನ್ನೊಂದು ಕಥೆ ಮುಂಬಯಿಯದು. 1910-11ರ ಹೊತ್ತಿಗೆ ದಾದಾಸಾಹೇಬ್ ಫಾಲ್ಕೆ ಅಲ್ಲಿನ ಒಂದು ಚಿತ್ರಮಂದಿರದಲ್ಲಿ ಕ್ರಿಸ್ತನ ಜೀವನದ ಚಿತ್ರ ನೋಡಿದರು. ನೋಡುತ್ತಿದ್ದಂತೆ, ನಮ್ಮ ರಾಮ, ಕೃಷ್ಣರ ಕಥೆಯನ್ನೂ ಹೀಗೆ ತೆರೆಯ ಮೇಲೆ ತರಬಾರದೇಕೆ ಎಂದು ಅವರಿಗೆ ಅನ್ನಿಸಿತು. ಮನೆಗೆ ಬಂದವರು ಸುಮ್ಮನೆ ಕೂರಲಿಲ್ಲ. ಕೈಯಲ್ಲಿ ಹಣವಿಲ್ಲದಿದ್ದರೂ ಸಾಲ ಮಾಡಿ ಪತ್ನಿ ಸರಸ್ವತಿಬಾಯಿಯವರನ್ನು ಕರೆದುಕೊಂಡು ಹೋಗಿ ಅದೇ ಚಿತ್ರವನ್ನು ಮತ್ತೆ ನೋಡಿದರು. ಆಮೇಲೆ ಲಂಡನಿನಿಂದ ಕ್ಯಾಮೆರಾ ತಂದು, ಕುಂಡದಲ್ಲಿ ಬಟಾಣಿ ಗಿಡ ಮೊಳೆತು ಬೆಳೆಯುವುದನ್ನು ದಿನದಿನವೂ ಸ್ವಲ್ಪಸ್ವಲ್ಪವಾಗಿ ಸೆರೆಹಿಡಿದು ಒಂದು ಪುಟ್ಟ ಚಿತ್ರ ಮಾಡಿದರು. ಅದನ್ನು ಆಪ್ತರಿಗೂ ಹಣ ಹಾಕಬಲ್ಲವರಿಗೂ ತೋರಿಸಿ ನಂಬಿಕೆ ಗಳಿಸಿದರು. ಸರಸ್ವತಿಬಾಯಿ ಒಡವೆ ಬಿಚ್ಚಿಕೊಟ್ಟರು, ಫಿಲ್ಮಿಗೆ ತೂತು ಹಾಕುವುದನ್ನು ಕಲಿತರು, ಇಡೀ ತಂಡಕ್ಕೆ ಅಡುಗೆ ಮಾಡಿ ಬಡಿಸಿದರು. 1913ರ ಮೇ 3ರಂದು 'ರಾಜಾ ಹರಿಶ್ಚಂದ್ರ' ಬಿಡುಗಡೆಯಾಯಿತು. ತಾನು ಕಂಡದ್ದನ್ನು ಮನೆಯವರಿಗೂ ಕಾಣಿಸಬೇಕೆಂಬ ಒಂದು ಆಸೆಗೆ ಭಾರತೀಯ ಸಿನೆಮಾ ಇಷ್ಟೊಂದು ಋಣಿ.

ಇದೇ ಚರಿತ್ರೆಯಲ್ಲಿ ನೋವಿನ ಪುಟವೂ ಇದೆ. ಮಲಯಾಳದ ಮೊದಲ ಚಿತ್ರ 'ವಿಗತಕುಮಾರನ್'. ಅದನ್ನು ತೆಗೆದವರು ಜೆ. ಸಿ. ಡೇನಿಯಲ್ ಎಂಬ ಕ್ರೈಸ್ತ ತರುಣ. ನಾಯಕಿ ಪಿ. ಕೆ. ರೋಸಿ ದಲಿತ ಯುವತಿ. ಚಿತ್ರದಲ್ಲಿ ಆಕೆಯದು ನಾಯರ್ ಹೆಣ್ಣಿನ ಪಾತ್ರ. ಅಷ್ಟಕ್ಕೇ ತಿರುವನಂತಪುರದ ಮೇಲ್ಜಾತಿಯ ಪ್ರೇಕ್ಷಕರು ಕೆರಳಿದರು. ತಾನು ನಟಿಸಿದ ಚಿತ್ರದ ಮೊದಲ ಪ್ರದರ್ಶನದಲ್ಲಿ ಎಲ್ಲರ ಜೊತೆ ಕೂರಲು ರೋಸಿಗೆ ಜಾಗ ಸಿಗಲಿಲ್ಲ. ಕೊನೆಗೆ ಊರು ಬಿಟ್ಟು ತಮಿಳುನಾಡಿಗೆ ಓಡಬೇಕಾಯಿತು. ಆಕೆ ಮತ್ತೆ ನಟಿಸಲಿಲ್ಲ. ಡೇನಿಯಲ್ ಕೂಡ ಇನ್ನೊಂದು ಕಥಾಚಿತ್ರ ಮಾಡಲಿಲ್ಲ. ಆ ಚಿತ್ರದ ಪ್ರತಿಯೂ ಇಂದು ಉಳಿದಿಲ್ಲ. ತೆರೆ ಎಲ್ಲರಿಗೂ ಒಂದೇ ಬೆಳಕು ಕೊಡುತ್ತದೆ. ಯಾರು ಒಳಗೆ, ಯಾರು ಹೊರಗೆ ಎಂದು ತೀರ್ಮಾನಿಸುವವರು ಮನುಷ್ಯರು.

ನಮ್ಮ ಮನೆಗಳಿಗೆ ತೆರೆ ಬಂದದ್ದು ದೂರದರ್ಶನದ ಮೂಲಕ. ಅಪ್ಪ-ಅಮ್ಮನನ್ನು ಕೇಳಿ ನೋಡಿ. ನೆರೆಕರೆಯಲ್ಲಿ ಒಂದೋ ಎರಡೋ ಟಿವಿ ಇದ್ದ ಕಾಲ. 1987-88ರಲ್ಲಿ ಭಾನುವಾರ ಬೆಳಗ್ಗೆ 'ರಾಮಾಯಣ', ಮಧ್ಯಾಹ್ನ ಬೇರೆಬೇರೆ ಭಾಷೆಗಳ ಪ್ರಶಸ್ತಿ ವಿಜೇತ ಚಿತ್ರಗಳು. ಟಿವಿ ಇದ್ದ ಮನೆಯ ಜಗಲಿಯಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಮಕ್ಕಳು ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂರುತ್ತಿದ್ದರು. ಗಲ್ಫಿನಿಂದ ವಿಸಿಆರ್ ಬಂದ ಮೇಲೆ ಕ್ಯಾಸೆಟ್ ಬಾಡಿಗೆಗೆ ತಂದು ರಾತ್ರಿಯಿಡೀ ನೋಡಿದವರೂ ಇದ್ದಾರೆ. ಈಗ ಪ್ರತಿಯೊಬ್ಬನ ಕಿಸೆಯಲ್ಲೂ ಒಂದು ತೆರೆ ಇದೆ. ಒಂದೇ ಮನೆಯ ನಾಲ್ವರು ನಾಲ್ಕು ಮೂಲೆಗಳಲ್ಲಿ ಇಯರ್‌ಫೋನ್ ಹಾಕಿಕೊಂಡು ನಾಲ್ಕು ಸಿನೆಮಾ ನೋಡುತ್ತಾರೆ. ಯಾರನ್ನೂ ಹೊರಗೆ ತಳ್ಳದೆಯೇ ಎಲ್ಲರೂ ಹೊರಗಾಗಿದ್ದೇವೆ.

ಕಾಸರಗೋಡಿನ ನಮಗೆ ಒಟ್ಟಿಗೆ ನೋಡುವುದರಲ್ಲಿ ಬೇರೆಯದೇ ಲಾಭವಿದೆ. ಮನೆಯಲ್ಲಿ ಕೊಂಕಣಿ, ಪೇಟೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಕಚೇರಿಯಲ್ಲಿ ಮಲಯಾಳ. ರಿಷಬ್ ಶೆಟ್ಟಿ ನಿರ್ದೇಶಿಸಿದ 'ಸರ್ಕಾರಿ ಹಿ. ಪ್ರಾ. ಶಾಲೆ, ಕಾಸರಗೋಡು, ಕೊಡುಗೆ: ರಾಮಣ್ಣ ರೈ' 2018ರಲ್ಲಿ ಬಂತು, ಅತ್ಯುತ್ತಮ ಮಕ್ಕಳ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆಯಿತು. ಮುಚ್ಚಿಹೋಗಲಿರುವ ಕನ್ನಡ ಶಾಲೆಯ ಆ ಕಥೆಯನ್ನು ಮಲಯಾಳ ಮಾತನಾಡುವ ಗೆಳೆಯನ ಪಕ್ಕದಲ್ಲಿ ಕೂತು ನೋಡಿ. ನಗು ಬರುವ ಜಾಗದಲ್ಲಿ ಅವನು ಸುಮ್ಮನಿದ್ದರೆ ಯಾಕೆಂದು ಕೇಳಿ. ಇನ್ನೊಂದು ರಾತ್ರಿ ನಮ್ಮ ಜಿಲ್ಲೆಯಲ್ಲೇ ನಡೆಯುವ ಮಲಯಾಳ ಚಿತ್ರ 'ನ್ನಾ ತಾನ್ ಕೇಸ್ ಕೊಡ್' (2022) ಅವನ ಆಯ್ಕೆಯಾಗಲಿ. ಗಡಿಯ ಬಗ್ಗೆ ಭಾಷಣಗಳಲ್ಲಿ ಆಡಲಾಗದ ಮಾತು ಇಂಥ ರಾತ್ರಿ ಸಲೀಸಾಗಿ ಬರುತ್ತದೆ.

ಧರ್ಮಸಭೆಯೂ ಸಿನೆಮಾವನ್ನು ದೂರವಿಟ್ಟಿಲ್ಲ. ಎರಡನೇ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರ್ 4ರಂದು ಸಮೂಹ ಮಾಧ್ಯಮಗಳ ಕುರಿತು ಪ್ರತ್ಯೇಕ ದಾಖಲೆಯನ್ನೇ ಹೊರಡಿಸಿತು. ಸಿನೆಮಾಕ್ಕೆ ನೂರು ತುಂಬಿದ 1995ರಲ್ಲಿ ವ್ಯಾಟಿಕನ್ 45 ಶ್ರೇಷ್ಠ ಚಿತ್ರಗಳನ್ನು ಹೆಸರಿಸಿತು. 'ಗಾಂಧಿ' ಆ ಪಟ್ಟಿಯಲ್ಲಿದೆ. 'ಬಾಬೆಟ್ಸ್ ಫೀಸ್ಟ್' ಎಂಬ ಡೆನ್ಮಾರ್ಕಿನ ಚಿತ್ರವೂ ಇದೆ. ಒಂದೇ ಮೇಜಿಗೆ ಕೂತು ಉಂಡಾಗ ಹಳೆಯ ಮುನಿಸುಗಳು ಹೇಗೆ ಕರಗುತ್ತವೆ ಎಂಬುದು ಅದರ ಕಥೆ.

ಹಾಗಾಗಿ ಮುಂದಿನ ಸಲ ಯಾವ ಸಿನೆಮಾ ಎಂದು ಚರ್ಚಿಸುವ ಮೊದಲು ಯಾರನ್ನು ಕರೆಯೋಣ ಎಂದು ಕೇಳಿಕೊಳ್ಳೋಣ. ಔತಣ ಮಾಡುವಾಗ ತಿರುಗಿ ಕರೆಯಲಾಗದವರನ್ನು ಕರೆಯಿರಿ ಎಂದು ಯೇಸು ಕಲಿಸಿದ್ದು ಲೂಕನ ಶುಭಸಂದೇಶದ 14ನೇ ಅಧ್ಯಾಯದಲ್ಲಿದೆ. ನಮ್ಮ ವಾಳೆಯಲ್ಲಿ ಒಬ್ಬಂಟಿಯಾಗಿರುವ ಅಜ್ಜಿ, ಯುವ ಸಂಘಟನೆಗೆ ಬರಲು ಹಿಂಜರಿಯುವ ಹುಡುಗ, ತೋಟದ ಕೆಲಸಕ್ಕೆ ದೂರದ ರಾಜ್ಯದಿಂದ ಬಂದು ಬಾಡಿಗೆ ಕೋಣೆಯಲ್ಲಿರುವ ನಮ್ಮದೇ ವಯಸ್ಸಿನವರು ಇದ್ದಾರೆ. ಚಾಪೆಯನ್ನು ಸ್ವಲ್ಪ ಅಗಲಕ್ಕೆ ಹಾಸಿದರೆ ಸಾಕು. ಮೊಬೈಲುಗಳನ್ನೆಲ್ಲ ಒಂದು ಬುಟ್ಟಿಯಲ್ಲಿ ಹಾಕಿಡಿ, ಸಿನೆಮಾ ಮುಗಿದ ಮೇಲೆ ಅರ್ಧ ಗಂಟೆ ಮಾತಿಗೆ ಬಿಡಿ. ಶನಿವಾರವಾದರೆ, ಮರುದಿನದ ಬಲಿಪೂಜೆಗೆ ಎಚ್ಚರವಾಗುವ ಹೊತ್ತಿಗೆ ಮುಗಿಸಲು ಮರೆಯಬೇಡಿ!